ಸಣ್ಣ ಪಕ್ಷದ ಓಟು ಯಾರ ಖಾತೆಗೆ ಜಮಾ?

ಶಹಾಬಜಾರ ನಾಕಾದ ಹತ್ತಿರ ಸಾಯಂಕಾಲ ಆರು ದಾಟಿತೆಂದರೆ ಚಹಾದಂಗಡಿ ಮುಂದೆ ಎರಡು ಬಗೆಯ ಮಂದಿ ಸೇರುತ್ತಾರೆ. ಬಸ್ಸಿಗೆ ಕಾದು ನಿಂತವರು ಒಂದು ಬಗೆ. ಅಂಗಡಿ ಗಲ್ಲಾ ಮಗನ ಕೈಗೆ ಒಪ್ಪಿಸಿ ಐದು ನಿಮಿಷಕ್ಕೆಂದು ಹೊರಬಿದ್ದವರು ಇನ್ನೊಂದು ಬಗೆ. ಬಸ್ಸೂ ಬರುವುದಿಲ್ಲ, ಐದು ನಿಮಿಷವೂ ಮುಗಿಯುವುದಿಲ್ಲ. ಹೀಗಾಗಿ ರಾಜಕಾರಣ ಶುರುವಾಗುತ್ತದೆ.

ಚುನಾವಣೆ ಬಂತೆಂದರೆ ಅಲ್ಲಿ ತಪ್ಪದೇ ಕೇಳಿಬರುವ ಮಾತು ಒಂದಿದೆ. ‘ಸಣ್ಣ ಪಾರ್ಟಿಗಿ ಹಾಕಿ ಓಟ್ ಯಾಕ್ ಹಾಳ್ ಮಾಡ್ಕೋತೀರಿ ಕಾಕಾ? ಗೆಲ್ಲಾಂವಗ ಹಾಕ್ರಿ.’ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ಗೆಲ್ಲಾಂವಗ ನನ್ನ ಓಟಿಂದ್ ಏನ್ ಗರಜ್ ಅದನೋ ತಮ್ಮಾ?’

ಇಬ್ಬರದೂ ಅರ್ಧರ್ಧ ಖರೇ. ಸಣ್ಣ ಪಕ್ಷದ ಓಟು ಹಾಳಾಗುತ್ತದೆಯೇ, ಇಲ್ಲವೇ ಸರ್ಕಾರವನ್ನೇ ಎಬ್ಬಿಸಿ ಕೂಡಿಸುತ್ತದೆಯೇ? ಕಲಬುರಗಿಯ ಜನಕ್ಕೆ ಇದು ಬೆಂಗಳೂರಿನ ಸುದ್ದಿಯಲ್ಲ, ತಮ್ಮ ಓಣಿಯ ಸುದ್ದಿ.

2021ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಬಹುದು. ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ ಚುನಾವಣೆ ಆಯಿತು. ಕಾಂಗ್ರೆಸ್ಸಿಗೆ 27, ಬಿಜೆಪಿಗೆ 23, ಜೆಡಿಎಸ್‌ಗೆ 4, ಪಕ್ಷೇತರರಿಗೆ 1. ಅರ್ಧ ದಾಟಲು 28 ಬೇಕು. ಮೇಯರ್ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತ ಇರುವುದರಿಂದ ಲೆಕ್ಕ ಇಷ್ಟು ಸರಳವಲ್ಲ, ಆದರೂ ಆ ದಿನ ಇಡೀ ಊರಿನ ಕಣ್ಣು ಬಿದ್ದದ್ದು ನಾಲ್ಕೇ ಮಂದಿಯ ಮೇಲೆ. 27 ಗೆದ್ದವರೂ 23 ಗೆದ್ದವರೂ ನಾಲ್ಕು ಗೆದ್ದವರ ಬಾಗಿಲು ಬಡಿದರು. ಮೇಯರ್ ಗಾದಿ ತೀರ್ಮಾನವಾಗಲು 2023ರ ಮಾರ್ಚ್ ಬರಬೇಕಾಯಿತು. ಕುಳಿತವರು ಬಿಜೆಪಿಯವರು! ಹೆಚ್ಚು ವಾರ್ಡು ಗೆದ್ದ ಪಕ್ಷ ನೋಡುತ್ತಾ ಉಳಿಯಿತು.

ಇದು ಫಲಿತಾಂಶ ಬಂದ ಮೇಲಿನ ಬೆಲೆ. ಸಣ್ಣ ಪಕ್ಷಕ್ಕೆ ನಮ್ಮಲ್ಲಿ ಆ ಬೆಲೆ ಬರುವುದು ಪೆಟ್ಟಿಗೆ ತೆರೆದ ಮೇಲೆಯೇ. ಅದಕ್ಕೂ ಮೊದಲು ದೊಡ್ಡ ಪಕ್ಷದ ಜೊತೆ ಕೈಜೋಡಿಸಿ ನಿಂತರೆ ಅದರ ಓಟು ಎಷ್ಟೆಂಬುದೇ ಯಾರಿಗೂ ತಿಳಿಯುವುದಿಲ್ಲ. ಯಾಕೆ ತಿಳಿಯುವುದಿಲ್ಲ ಎಂಬುದಕ್ಕೆ ಸ್ವಲ್ಪ ದೂರ ಹೋಗಿ ಬರಬೇಕು.

ಒಬ್ಬನೇ ಅಭ್ಯರ್ಥಿ, ಎರಡು ಸಾಲು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಪದ್ಧತಿ ಇದೆ. ಒಬ್ಬನೇ ಅಭ್ಯರ್ಥಿಯನ್ನು ಎರಡು ಪಕ್ಷ ನಿಲ್ಲಿಸಬಹುದು. ಮತಪತ್ರದಲ್ಲಿ ಆತನ ಹೆಸರು ಎರಡು ಕಡೆ ಬರುತ್ತದೆ, ದೊಡ್ಡ ಪಕ್ಷದ ಸಾಲಿನಲ್ಲಿ ಒಮ್ಮೆ, ಸಣ್ಣ ಪಕ್ಷದ ಸಾಲಿನಲ್ಲಿ ಇನ್ನೊಮ್ಮೆ. ಮತದಾರ ಯಾವ ಸಾಲಿನಲ್ಲಾದರೂ ಒತ್ತಬಹುದು. ಎಣಿಸುವಾಗ ಎರಡೂ ಸಾಲು ಬೇರೆ ಬೇರೆ ಎಣಿಸಿ, ಕೊನೆಗೆ ಕೂಡಿಸುತ್ತಾರೆ.

1960ರಲ್ಲಿ ಕೆನಡಿ ಅಧ್ಯಕ್ಷ ಪದವಿಗೆ ನಿಂತಾಗ ನ್ಯೂಯಾರ್ಕಿನಲ್ಲಿ ಅವರ ಹೆಸರು ಡೆಮಾಕ್ರಟಿಕ್ ಸಾಲಿನಲ್ಲೂ ಇತ್ತು, ಲಿಬರಲ್ ಎಂಬ ಸಣ್ಣ ಪಕ್ಷದ ಸಾಲಿನಲ್ಲೂ ಇತ್ತು. ನಿಕ್ಸನ್ ಅವರಿಗಿಂತ ಅವರು ಅಲ್ಲಿ ಮುಂದಿದ್ದದ್ದು ಸುಮಾರು 3 ಲಕ್ಷ 84 ಸಾವಿರ ಮತ. ಲಿಬರಲ್ ಸಾಲಿನಲ್ಲಿ ಬಿದ್ದದ್ದು ಸುಮಾರು 4 ಲಕ್ಷ 6 ಸಾವಿರ. ಅಂದರೆ ಯಾರ ಋಣ ಎಷ್ಟು ಎಂಬುದು ಕೀರ್ದಿಯಲ್ಲಿ ಬರೆದಷ್ಟು ಸ್ಪಷ್ಟ. 1994ರಲ್ಲಿ ಅದೇ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಪಟಾಕಿ ಎಂಬವರು (ಹೆಸರೇ ಹಾಗೆ, ಏನು ಮಾಡುವುದು!) ಗೆದ್ದರು. ರಿಪಬ್ಲಿಕನ್ ಸಾಲಿನ ಮತ ಮಾತ್ರ ಲೆಕ್ಕ ಹಿಡಿದಿದ್ದರೆ ಅವರು ಸೋಲುತ್ತಿದ್ದರು. ಕನ್ಸರ್ವೇಟಿವ್ ಎಂಬ ಸಣ್ಣ ಪಕ್ಷದ ಸಾಲು ಅವರನ್ನು ದಡ ಸೇರಿಸಿತು.

ಅಲ್ಲಿಯೂ ಎಲ್ಲ ರಾಜ್ಯಗಳಲ್ಲಿ ಇದಿಲ್ಲ. ನೂರು ವರ್ಷಕ್ಕೂ ಹಿಂದೆ ರೈತರ ಪಕ್ಷವೊಂದು ಹೀಗೆ ದೊಡ್ಡ ಪಕ್ಷದ ಜೊತೆ ಸೇರಿ ಜೋರು ಮಾಡಿದಾಗ ಅನೇಕ ರಾಜ್ಯಗಳು ಈ ಪದ್ಧತಿಯನ್ನೇ ನಿಷೇಧಿಸಿಬಿಟ್ಟವು. ಹಾಗೆ ನಿಷೇಧಿಸುವುದು ತಪ್ಪಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1997ರಲ್ಲಿ ಹೇಳಿತು.

ನಮ್ಮಲ್ಲಿ? ಒಬ್ಬ ಅಭ್ಯರ್ಥಿ, ಒಂದು ಚಿಹ್ನೆ, ಯಂತ್ರದ ಮೇಲೆ ಒಂದೇ ಗುಂಡಿ. 1968ರ ಚಿಹ್ನೆ ಆದೇಶದಿಂದ ಇವತ್ತಿನವರೆಗೆ ಇದೇ ನಡೆದು ಬಂದಿದೆ. ನಾಲ್ಕು ಪಕ್ಷ ಕೂಡಿ ಒಬ್ಬರನ್ನು ನಿಲ್ಲಿಸಲಿ, ಮತವೆಲ್ಲ ಬೀಳುವುದು ಆ ಒಂದು ಚಿಹ್ನೆಯ ಖಾತೆಗೆ. ಭಾಗೀದಾರಿಯಲ್ಲಿ ಅಂಗಡಿ ಹಾಕಿದ್ದಾರೆ, ಬೋರ್ಡಿನ ಮೇಲೆ ಒಬ್ಬನದೇ ಹೆಸರು. ವರ್ಷದ ಕೊನೆಗೆ ಲಾಭ ಹಂಚುವಾಗ ಜಗಳ ಆಗದೇ ಇದ್ದೀತೇ?

ಚಿಹ್ನೆ ಕೊಟ್ಟವರು, ಬೆವರು ಸುರಿಸಿದವರು

ಜಗಳ ಆಗಿದ್ದಕ್ಕೆ ಪುರಾವೆ ಬೇಕಾದಷ್ಟಿದೆ. 1977ರಲ್ಲಿ ಇಂದಿರಾ ಗಾಂಧಿಯವರ ವಿರುದ್ಧ ಎಲ್ಲರೂ ಒಂದಾದಾಗ ಜನತಾ ಪಕ್ಷಕ್ಕೆ ಸ್ವಂತ ಚಿಹ್ನೆಯೇ ಇರಲಿಲ್ಲ. ಭಾರತೀಯ ಲೋಕದಳದ ನೇಗಿಲು ಹೊತ್ತ ರೈತನನ್ನು ಎರವಲು ಪಡೆದು ಲೋಕಸಭೆ ಚುನಾವಣೆ ಗೆದ್ದರು. ಯಾವ ಘಟಕದ ಓಟು ಎಷ್ಟು ಎಂದು ಕೇಳಿದರೆ ಹೇಳುವವರಿರಲಿಲ್ಲ. ಎಲ್ಲರೂ ‘ನಂದೇ ಜಾಸ್ತಿ’ ಅನ್ನುವವರೇ. ಸರ್ಕಾರ ಎಷ್ಟು ದಿನ ಬಾಳಿತು ಎಂಬುದು ಗೊತ್ತಿರುವ ಕತೆ.

ಕರ್ನಾಟಕದ ಕತೆ 1983ರದು. ದೇವರಾಜ ಅರಸು ಕಟ್ಟಿದ ಕ್ರಾಂತಿರಂಗ ಅವರ ನಿಧನದ ನಂತರ ಬಂಗಾರಪ್ಪನವರ ಮುಂದಾಳತ್ವದಲ್ಲಿ ಜನತಾ ಪಕ್ಷದ ಜೊತೆ ಕೂಡಿ ಕಣಕ್ಕಿಳಿಯಿತು. ಜನತಾ 95, ಕಾಂಗ್ರೆಸ್ 82, ಬಿಜೆಪಿ 18. ಚುನಾವಣಾ ಆಯೋಗದ ಪಟ್ಟಿಯಲ್ಲಿ ಕ್ರಾಂತಿರಂಗಕ್ಕೆ ಬೇರೆ ಸಾಲಿಲ್ಲ, ಎಲ್ಲವೂ ಜನತಾ ಖಾತೆ. ಮುಖ್ಯಮಂತ್ರಿ ಆದವರು ರಾಮಕೃಷ್ಣ ಹೆಗಡೆ, ಆಗ ಅವರು ಶಾಸಕರೂ ಆಗಿರಲಿಲ್ಲ! ‘ಓಟು ತಂದದ್ದು ನಾವು’ ಎನ್ನುವ ಕ್ರಾಂತಿರಂಗದವರ ಮುನಿಸಿಗೆ ತೋರಿಸಲು ಅಂಕಿ ಇರಲಿಲ್ಲ. ಬಂಗಾರಪ್ಪ ಕೆಲವೇ ದಿನದಲ್ಲಿ ಕಾಂಗ್ರೆಸ್ ಕಡೆ ನಡೆದರು. ಮುಂದೆ 1994ರಲ್ಲಿ ಅವರೇ ಕರ್ನಾಟಕ ಕಾಂಗ್ರೆಸ್ ಪಕ್ಷ ಎಂದು ಬೇರೆ ನಿಂತು 10 ಸ್ಥಾನ ಗೆದ್ದು ತೋರಿಸಿದರು. ಆ ಸಲ ಕಾಂಗ್ರೆಸ್ 34ಕ್ಕೆ ಕುಸಿದು ಮೂರನೇ ಸ್ಥಾನಕ್ಕೆ ಬಂತು.

ಕೂಡಿ ನಿಂತರೆ ಬಲ ಕಾಣುವುದಿಲ್ಲ, ಬೇರೆ ನಿಂತು ಪೆಟ್ಟು ಕೊಟ್ಟರೆ ಮಾತ್ರ ಕಾಣುತ್ತದೆ. ನಮ್ಮ ರಾಜ್ಯದ ಸಣ್ಣ ಪಕ್ಷಗಳು ಯಾಕಿಷ್ಟು ಮುನಿದು ಹೊರಬೀಳುತ್ತವೆ ಎಂದು ಬೇಸರ ಮಾಡಿಕೊಳ್ಳುವವರು ಈ ವ್ಯವಸ್ಥೆಯನ್ನೂ ಒಮ್ಮೆ ನೋಡಬೇಕು.

ತೆಂಗಿನಕಾಯಿ ಒಡೆದದ್ದು ಯಾರ ತಲೆ ಮೇಲೆ?

ಪೆಟ್ಟು ಎಂದರೆ ಎಂಥದ್ದೆಂದು 2013ರಲ್ಲಿ ಈ ಭಾಗ ಕಣ್ಣಾರೆ ಕಂಡಿದೆ. 2012ರ ಡಿಸೆಂಬರ್‌ನಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಹಾವೇರಿಯಲ್ಲಿ ಕೆಜೆಪಿಯ ಸಮಾವೇಶ ಮಾಡಿದರು. ಚಿಹ್ನೆ ತೆಂಗಿನಕಾಯಿ. ಬಳ್ಳಾರಿ ಕಡೆ ಶ್ರೀರಾಮುಲು ಬಿಎಸ್ಆರ್ ಕಾಂಗ್ರೆಸ್ ಎಂದು ಬೇರೆ ಒಲೆ ಹೂಡಿದ್ದರು. ಐದಾರು ತಿಂಗಳಲ್ಲಿ ವಿಧಾನಸಭೆ ಚುನಾವಣೆ.

ಕೆಜೆಪಿ ಗೆದ್ದದ್ದು 6, ಬಿಎಸ್ಆರ್ 4. ಇಷ್ಟೇ ನೋಡಿದರೆ ‘ಹೋಗಲಿ ಬಿಡ್ರಿ’ ಅನಿಸುತ್ತದೆ. ಆದರೆ ಮತದ ಪ್ರಮಾಣ ನೋಡಬೇಕು. ಕೆಜೆಪಿಗೆ ನೂರಕ್ಕೆ ಸುಮಾರು 9.8, ಬಿಎಸ್ಆರ್‌ಗೆ 2.7. ಬಿಜೆಪಿ 2008ರಲ್ಲಿ ಸುಮಾರು 33.9 ಇದ್ದದ್ದು 19.9ಕ್ಕೆ ಇಳಿಯಿತು. ಮೂವರದೂ ಕೂಡಿಸಿದರೆ ಹೆಚ್ಚುಕಡಿಮೆ ಹಳೆಯ ಬಿಜೆಪಿಯ ಗಂಟೇ! ಸರಕು ಅಷ್ಟೇ ಇತ್ತು, ಮೂರು ಅಂಗಡಿಗೆ ಹಂಚಿಹೋಯಿತು.

ಕಾಂಗ್ರೆಸ್ಸಿನ ಮತ ಏರಿದ್ದೆಷ್ಟು? 2008ರ 34.8ರಿಂದ 36.6ಕ್ಕೆ. ಎರಡು ಪಾಲೂ ಪೂರ್ತಿ ಏರಲಿಲ್ಲ. ಸ್ಥಾನ ಮಾತ್ರ 80ರಿಂದ 122ಕ್ಕೆ ಜಿಗಿಯಿತು. ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಐದು ವರ್ಷ ಪೂರ್ತಿ ಆಳಿದರು. ಅವರ ಸರ್ಕಾರದ ಯೋಜನೆಗಳು ಒಳ್ಳೆಯವೋ ಕೆಟ್ಟವೋ ಎಂಬ ವಾದ ಬೇರೆ. ಆ ಸರ್ಕಾರಕ್ಕೆ ಅಷ್ಟು ಗಟ್ಟಿ ಬಹುಮತ ಬಂದದ್ದರಲ್ಲಿ ತೆಂಗಿನಕಾಯಿಯ ಪಾಲು ದೊಡ್ಡದಿತ್ತು ಎಂಬುದನ್ನು ಅಲ್ಲಗಳೆಯಲಾಗದು.

ಕೆಜೆಪಿಯ ಆರರಲ್ಲಿ ಮೂರು ನಮ್ಮ ಭಾಗದ್ದೇ. ಬೀದರಿನಲ್ಲಿ ಗುರುಪಾದಪ್ಪ ನಾಗಮಾರಪಳ್ಳಿ, ಶಹಾಪುರದಲ್ಲಿ ಗುರು ಪಾಟೀಲ ಶಿರವಾಳ, ಆಳಂದದಲ್ಲಿ ಬಿ.ಆರ್.ಪಾಟೀಲ. ಕಲಬುರಗಿ ಜಿಲ್ಲೆಯ ಒಂಬತ್ತು ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ 7, ಬಿಜೆಪಿಗೆ ದಕ್ಷಿಣ ಒಂದು, ಕೆಜೆಪಿಗೆ ಆಳಂದ ಒಂದು. ಅಂದರೆ ನಿನ್ನೆ ಹುಟ್ಟಿದ ಪಕ್ಷವೂ ಆಳುತ್ತಿದ್ದ ಪಕ್ಷವೂ ಜಿಲ್ಲೆಯಲ್ಲಿ ಸರಿಸಮ!

2014ರ ಜನವರಿಯಲ್ಲಿ ಯಡಿಯೂರಪ್ಪ ಮರಳಿ ಬಿಜೆಪಿಗೆ ಹೋದರು. ಆ ವರ್ಷದ ಲೋಕಸಭೆ ಚುನಾವಣೆಯಲ್ಲಿ ಬಿಜೆಪಿ 28ರಲ್ಲಿ 17 ಗೆದ್ದಿತು. ಒಂದೂವರೆ ವರ್ಷವೂ ಬಾಳದ ಪಕ್ಷ ತನ್ನ ಕೆಲಸ ಮುಗಿಸಿತ್ತು. ನನ್ನ ಬಿಟ್ಟರೆ ನಿಮ್ಮ ಗತಿ ಇಷ್ಟು ಎಂದು ಹತ್ತಿರ ಹತ್ತಿರ ಹತ್ತು ಪಾಲು ಮತದಲ್ಲಿ ಬರೆದು ಕೊಟ್ಟಿತ್ತು. ಆದರೆ ತೆಂಗಿನಕಾಯಿ ಗುಂಡಿ ಒತ್ತಿದ ಆಳಂದದ ಮತದಾರ? ಬಿ.ಆರ್.ಪಾಟೀಲರು ಬಿಜೆಪಿಗೆ ಹೋಗದೆ ಕಾಂಗ್ರೆಸ್ ಸೇರಿದರು. 2018ರಲ್ಲಿ 697 ಮತದಿಂದ ಸೋತರು, 2023ರಲ್ಲಿ ಗೆದ್ದರು. ಅಲ್ಲಿ ಎದುರಾಳಿ ಸುಭಾಷ ಗುತ್ತೇದಾರ 2008ರಲ್ಲಿ ಗೆದ್ದದ್ದು ಜೆಡಿಎಸ್‌ನಿಂದ, 2018ರಲ್ಲಿ ಗೆದ್ದದ್ದು ಬಿಜೆಪಿಯಿಂದ. ಮುಖಗಳು ಅವೇ, ಚಿಹ್ನೆ ಬದಲು. ಆಳಂದದವರು ಚಿಹ್ನೆ ನೋಡಿ ಓಟು ಹಾಕುವುದನ್ನು ಬಿಟ್ಟಿದ್ದರೆ ಅವರ ತಪ್ಪೇನೂ ಇಲ್ಲ.

ಉತ್ತರದಲ್ಲಿ ಮೂರನೆಯವರ ಲೆಕ್ಕ

ಈಗ ನಾಕಾಕ್ಕೆ ಮರಳೋಣ. ಊರ ಹೆಸರು 2014ರಲ್ಲೇ ಕಲಬುರಗಿ ಆದರೂ ವಿಧಾನಸಭಾ ಕ್ಷೇತ್ರ ಇನ್ನೂ ‘ಗುಲಬರ್ಗಾ ಉತ್ತರ’. 2013ರಲ್ಲಿ ಕಾಂಗ್ರೆಸ್ಸಿನ ಖಮರುಲ್ ಇಸ್ಲಾಂ ಇಲ್ಲಿ ಗೆದ್ದಾಗ ಎರಡನೆಯವರಾಗಿ ಬಂದದ್ದು ಬಿಜೆಪಿಯಲ್ಲ, ಕೆಜೆಪಿಯ ನಾಸಿರ್ ಹುಸೇನ್ ಉಸ್ತಾದ್. ಅವರೇ ಮುಂದೆ ಎರಡು ಸಲ ಜೆಡಿಎಸ್‌ನಿಂದ ನಿಂತರು.

2018ರಲ್ಲಿ ಕಾಂಗ್ರೆಸ್ಸಿನ ಕನೀಜ್ ಫಾತಿಮಾ ಬಿಜೆಪಿಯ ಚಂದ್ರಕಾಂತ ಪಾಟೀಲರ ಮೇಲೆ ಗೆದ್ದದ್ದು ಆರು ಸಾವಿರದೊಳಗಿನ ಅಂತರದಲ್ಲಿ. 2023ರಲ್ಲಿ ಅದೇ ಇಬ್ಬರು, ಅಂತರ ಇನ್ನೂ ಸಣ್ಣದು: 2,712. ಜೆಡಿಎಸ್‌ಗೆ ಆ ಸಲ ಬಿದ್ದದ್ದು 17 ಸಾವಿರದ ಆಸುಪಾಸು. ಅಂತರದ ಆರು ಪಟ್ಟು!

ಎಣಿಕೆ ಮುಗಿದ ಸಂಜೆಯೇ ಚಹಾದಂಗಡಿಯಲ್ಲಿ ಪಂಡಿತರು ಹುಟ್ಟಿಕೊಂಡರು. ‘ಮೂರನೇದಾಂವ ನಿಲ್ಲಲಿಲ್ಲಂದ್ರ ಹಿಂಗ ಆಗ್ತಿತ್ತು, ಹಂಗ ಆಗ್ತಿತ್ತು.’ ಆಗುತ್ತಿತ್ತೋ ಇಲ್ಲವೋ ಹೇಳಲು ಬರುವುದಿಲ್ಲ. ಆ 17 ಸಾವಿರದಲ್ಲಿ ಅಭ್ಯರ್ಥಿಯ ಮುಖ ನೋಡಿ ಹಾಕಿದವರೆಷ್ಟು, ಪಕ್ಷ ನೋಡಿ ಹಾಕಿದವರೆಷ್ಟು, ಉಳಿದಿಬ್ಬರ ಮೇಲೆ ಸಿಟ್ಟಿಗೆ ಹಾಕಿದವರೆಷ್ಟು? ಆತ ನಿಲ್ಲದಿದ್ದರೆ ಮನೆಯಲ್ಲೇ ಕುಳಿತಿರುತ್ತಿದ್ದವರೆಷ್ಟು? ನಮ್ಮ ಯಂತ್ರ ಇದ್ಯಾವುದನ್ನೂ ಹೇಳುವುದಿಲ್ಲ. ಎರಡು ಸಾಲಿನ ಪದ್ಧತಿ ಇದ್ದಿದ್ದರೆ ಸಣ್ಣ ಪಕ್ಷ ಯಾರ ಬೆನ್ನಿಗೆ ನಿಂತಿತ್ತು, ಎಷ್ಟು ತಂದಿತ್ತು ಎಂಬುದಾದರೂ ಕಾಗದದ ಮೇಲೆ ಬರುತ್ತಿತ್ತು. ಈಗ ಬರುವುದು ಬರೀ ‘ಓಟು ಒಡೆದರು’ ಎಂಬ ಬೈಗುಳ.

ಕಮಲಾಪುರದವರ ಪಾಡು ಇನ್ನೊಂದು ಥರ. ಕೆಂಪು ಬಾಳೆಗೆ ಹೆಸರಾದ ಆ ಊರು ಮೊದಲು ತಾನೇ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಅದು ಗುಲಬರ್ಗಾ ಗ್ರಾಮೀಣದೊಳಗೆ ಕರಗಿತು. ತಾಲ್ಲೂಕಿನ ಪಟ್ಟ ಬಂತು, ಕ್ಷೇತ್ರದ ಹೆಸರು ಹೋಯಿತು. ಅಲ್ಲಿ ಬಹುಕಾಲ ಬಿಜೆಪಿಯ ಮುಖವಾಗಿದ್ದ ರೇವು ನಾಯಕ ಬೆಳಮಗಿ 2023ರಲ್ಲಿ ಕಾಂಗ್ರೆಸ್ ಅಭ್ಯರ್ಥಿ! ಅವರು ಸೋತರು, ಬಿಜೆಪಿಯ ಬಸವರಾಜ ಮತ್ತಿಮಡು ಗೆದ್ದರು.

ಗೆದ್ದ ಮೇಲೆ ಬರುವ ಬೆಲೆ

ಸಣ್ಣವರಿಂದ ಕಲಬುರಗಿಗೆ ಲಾಭವೇ ಆಗಿಲ್ಲ ಅನ್ನುವಂತಿಲ್ಲ. 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಯಾರಿಗೂ ಬಹುಮತ ಇಲ್ಲ. 58 ಇದ್ದವರು 65 ಇದ್ದವರ ಕೈಹಿಡಿದಾಗ ಜೇವರ್ಗಿಯ ಧರ್ಮಸಿಂಗ್ ಮುಖ್ಯಮಂತ್ರಿ ಆದರು. ಅದೇ 58ರಲ್ಲಿ ದೊಡ್ಡ ಗುಂಪು 2006ರ ಆರಂಭದಲ್ಲಿ ಕುಮಾರಸ್ವಾಮಿಯವರ ಹಿಂದೆ ಬಿಜೆಪಿ ಕಡೆ ವಾಲಿತು, ಧರ್ಮಸಿಂಗ್ ಇಳಿದರು. ಇಪ್ಪತ್ತು ತಿಂಗಳ ಕುರ್ಚಿ. ಕೊಟ್ಟವರೂ ಅವರೇ, ಕಸಿದವರೂ ಅವರೇ. 2018ರಲ್ಲಿ 37 ಸ್ಥಾನ ಇಟ್ಟುಕೊಂಡು ಕುಮಾರಸ್ವಾಮಿ ಮತ್ತೆ ಮುಖ್ಯಮಂತ್ರಿಯಾದರು. ಅದು ಹದಿನಾಲ್ಕು ತಿಂಗಳು.

ಒಬ್ಬನೇ ಶಾಸಕನ ಪಕ್ಷಕ್ಕೂ ಬೆಲೆ ಇದೆ. 2017ರಲ್ಲಿ ನಟ ಉಪೇಂದ್ರ ಹೆಸರಿನೊಂದಿಗೆ ಸದ್ದು ಮಾಡಿದ ಕೆಪಿಜೆಪಿ ನೆನಪಿರಬಹುದು. ಚುನಾವಣೆಗೆ ಮೊದಲೇ ಉಪೇಂದ್ರ ಹೊರಬಂದರು. ಆ ಪಕ್ಷದ ಟಿಕೆಟ್ ಹಿಡಿದು ರಾಣೆಬೆನ್ನೂರಿನಲ್ಲಿ ಗೆದ್ದವರು ಆರ್.ಶಂಕರ್. ಇಡೀ ಪಕ್ಷಕ್ಕೆ ಅವರೊಬ್ಬರೇ ಶಾಸಕ. ಮಂತ್ರಿಯಾದರು, ಕೈಬಿಟ್ಟರು, 2019ರ ಜೂನ್‌ನಲ್ಲಿ ತಮ್ಮ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿ ಮತ್ತೆ ಮಂತ್ರಿಯಾದರು. ತಿಂಗಳೊಳಗೆ ಆ ಕಡೆಯ ಬೆಂಬಲವನ್ನೂ ಹಿಂದಕ್ಕೆ ಪಡೆದರು. ಕಾಂಗ್ರೆಸ್ಸಿನಲ್ಲಿ ವಿಲೀನವಾದವರು ಕಾಂಗ್ರೆಸ್ ಬಿಟ್ಟಂತಾಯಿತಲ್ಲ ಎಂದು ಸ್ಪೀಕರ್ ಜುಲೈ 25ರಂದು ಅನರ್ಹ ಮಾಡಿದರು. ಶಾಸಕರ ಪಕ್ಷದ ಮೂರರಲ್ಲಿ ಎರಡು ಪಾಲು ಒಪ್ಪಿದರೆ ವಿಲೀನ ಸಿಂಧು ಎನ್ನುತ್ತದೆ ಪಕ್ಷಾಂತರ ಕಾಯ್ದೆ. ಒಬ್ಬನೇ ಇರುವಾಗ ಮೂರರಲ್ಲಿ ಎರಡು ಪಾಲು ಅಂದರೆ ಆತನೇ! ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ಸಭೆ ನಡೆಸಿ ಠರಾವು ಪಾಸು ಮಾಡಿಕೊಂಡರೆ ಮುಗಿಯಿತು.

ಇದಕ್ಕಿಂತ ಮರ್ಯಾದೆಯ ದಾರಿಯೂ ಇದೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ರೈತ ಸಂಘದ ಸರ್ವೋದಯ ಕರ್ನಾಟಕ ಪಕ್ಷದಿಂದ ದರ್ಶನ್ ಪುಟ್ಟಣ್ಣಯ್ಯ 2023ರಲ್ಲಿ ಗೆದ್ದರು. ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನೇ ಹಾಕದೆ ಬೆಂಬಲ ಕೊಟ್ಟಿತ್ತು. ಇಲ್ಲಿ ಬೋರ್ಡು ಸಣ್ಣ ಪಕ್ಷದ್ದು, ಬಂಡವಾಳ ಇಬ್ಬರದು. ನಮ್ಮ ಕಾನೂನಿನೊಳಗೆ ನ್ಯೂಯಾರ್ಕಿನ ಪದ್ಧತಿಗೆ ಅತಿ ಹತ್ತಿರ ಬರುವ ಉದಾಹರಣೆ ಇದು. ಆದರೆ ಅಲ್ಲಿಯೂ ಕಾಂಗ್ರೆಸ್ಸಿನವರು ಹಾಕಿದ್ದೆಷ್ಟು, ರೈತ ಸಂಘದವರು ಹಾಕಿದ್ದೆಷ್ಟು ಎಂಬುದು ದೇವರಿಗೇ ಗೊತ್ತು.

ತಿರುವಿ ಹಾಕಿದರೆ ಬೆಂಗಳೂರು ಗ್ರಾಮಾಂತರ. 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿಯ ಕೂಟ ಸೇರಿತು. 2024ರ ಲೋಕಸಭೆಗೆ ಬಿಜೆಪಿ 25, ಜೆಡಿಎಸ್ 3 ಎಂದು ಹಂಚಿಕೊಂಡರು. ದೇವೇಗೌಡರ ಅಳಿಯ ಡಾ. ಸಿ.ಎನ್.ಮಂಜುನಾಥ್ ಗ್ರಾಮಾಂತರದಲ್ಲಿ ನಿಂತದ್ದು ಕಮಲದ ಚಿಹ್ನೆಯಿಂದ! ಎರಡೂವರೆ ಲಕ್ಷ ಮೀರಿದ ಅಂತರದ ಗೆಲುವು. ದಳದವರ ಓಟು ಅದರಲ್ಲಿ ಎಷ್ಟಿದ್ದರೂ ಪಟ್ಟಿಯಲ್ಲಿ ಬಿಜೆಪಿಗೇ ಜಮಾ. ದಳದ ಲೆಕ್ಕಕ್ಕೆ ಬಂದದ್ದು ಮಂಡ್ಯ ಮತ್ತು ಕೋಲಾರ, ಎರಡೇ.

ಅದೇ ಚುನಾವಣೆಯಲ್ಲಿ ಕಲಬುರಗಿಯಲ್ಲಿ ಬಿಜೆಪಿಯ ಉಮೇಶ ಜಾಧವ ಕಾಂಗ್ರೆಸ್ಸಿನ ರಾಧಾಕೃಷ್ಣ ದೊಡ್ಡಮನಿ ಅವರೆದುರು 27 ಸಾವಿರ ಚಿಲ್ಲರೆ ಮತದಿಂದ ಸೋತರು. ಉತ್ತರದಲ್ಲಿ ವರ್ಷದ ಹಿಂದೆ ಜೆಡಿಎಸ್‌ಗೆ ಹಾಕಿದ್ದ ಆ 17 ಸಾವಿರ ಮಂದಿ ಕಮಲಕ್ಕೆ ಒತ್ತಿದರೋ, ಕೈಗೆ ಒತ್ತಿದರೋ, ಬಿಸಿಲಿಗೆ ಹೆದರಿ ಮನೆಯಲ್ಲೇ ಉಳಿದರೋ? ನಾಯಕರು ಕೂಡಿದ ಕೂಡಲೇ ಮತದಾರರೂ ಕೂಡುತ್ತಾರೆಂದು ಹೇಳಿದವರು ಯಾರು?

ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಕೂಟ ಅಲ್ಲಿಯವರೆಗೆ ಉಳಿದರೆ ಉತ್ತರದಲ್ಲಿ ಇಬ್ಬರಿಗೂ ಸೇರಿ ಒಂದೇ ಗುಂಡಿ, ಒಂದೇ ಚಿಹ್ನೆ. ಎರಡು ಸಲ ತೆನೆ ಹೊತ್ತ ಮಹಿಳೆಗೆ ಗುಂಡಿ ಒತ್ತಿದವರಿಗೆ ಯಂತ್ರದ ಮೇಲೆ ಆ ಚಿತ್ರ ಸಿಗಲಿಕ್ಕಿಲ್ಲ. ನಾಕಾದ ಚಹಾದಂಗಡಿಯಲ್ಲಿ ಕಾಕಾ ಆಗಲೇ ಕೇಳಿಯಾಗಿದೆ: ‘ನಮ್ಮ ಗುರುತೇ ಇಲ್ಲಂದ್ಮ್ಯಾಲ ನಾ ಎಲ್ಲಿ ಒತ್ತಲೋ ತಮ್ಮಾ?’ ತಮ್ಮನಿಗೆ ಉತ್ತರ ಹೇಳುವಷ್ಟರಲ್ಲಿ ಬಸ್ಸು ಬಂತು.